ಮಗಳಿಗೆ ಇಎಂಜಿ ಬರೆದುಕೊಟ್ಟಿದ್ದಾರೆ. ಸೂಜಿ ಚುಚ್ಚಿಸಬೇಕಾ, ಬೇಡವಾ?

ಪುಟ್ಟಿಯ ಅಮ್ಮ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಅಂಗನವಾಡಿಗೆ ಹೋಗುವಾಗ ಚೆನ್ನಾಗಿಯೇ ಓಡಾಡುತ್ತಿದ್ದಳು. ಈಗ ಒಂದೂವರೆ ವರ್ಷದಿಂದ ಮೆಟ್ಟಿಲು ಹತ್ತಬೇಕಾದರೆ ಕಂಬಿ ಹಿಡಿದುಕೊಳ್ಳುತ್ತಾಳೆ. ನೆಲದ ಮೇಲೆ ಊಟಕ್ಕೆ ಕೂತರೆ ತೊಡೆಗೆ ಕೈಯೂರಿ ಏಳುತ್ತಾಳೆ. ಶಾಲೆಯಿಂದ ಬರುವಾಗ ಬ್ಯಾಗು ನಾನೇ ಹೊರಬೇಕು. ಮೊದಮೊದಲು ಸೋಮಾರಿತನ ಅಂದುಕೊಂಡು ಬೈದೆವು. ಈಗ ಅದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಊರಿನ ಮಕ್ಕಳ ಡಾಕ್ಟ್ರು ಮೂರು ತಿಂಗಳು ವಿಟಮಿನ್ ಡಿ, ಕ್ಯಾಲ್ಸಿಯಂ ಕೊಟ್ಟು ನೋಡಿದರು. ಏನೂ ಬದಲಾಗಲಿಲ್ಲ. ಆಮೇಲೆ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ "ಇಎಂಜಿ, ಎನ್‌ಸಿವಿ ಮಾಡಿಸಿಕೊಂಡು ಬನ್ನಿ" ಅಂತ ಚೀಟಿ ಬರೆದರು. ಅದೇನು ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದರು.

ನಮ್ಮಜ್ಜಿ ಬೇಡವೇ ಬೇಡ ಅನ್ನುತ್ತಿದ್ದಾರೆ. ನರಕ್ಕೆ ಸೂಜಿ ಹಾಕಿದರೆ ಇರುವ ಶಕ್ತಿಯೂ ಹೋಗುತ್ತದೆ ಅಂತ ಅವರ ಭಯ. ಕರೆಂಟು ಬೇರೆ ಕೊಡುತ್ತಾರಂತೆ. ಯಾರಾದರೂ ಮಕ್ಕಳಿಗೆ ಮಾಡಿಸಿದ್ದೀರಾ? ಮಗು ತಡೆಯುತ್ತದಾ? ದಯವಿಟ್ಟು ಹೇಳಿ.

ಇಎಂಜಿ ಟೆಕ್ನಿಷಿಯನ್, ಮೈಸೂರು

ತಂಗಿ, ನಾನು 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಅಜ್ಜಿ ಹೇಳಿದ ಮಾತನ್ನು ವಾರಕ್ಕೆ ಒಂದು ಸಲವಾದರೂ ಕೇಳುತ್ತೇನೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಚೀಟಿಯಲ್ಲಿರುವುದು ಎರಡು ಬೇರೆ ಬೇರೆ ಪರೀಕ್ಷೆ. ಎನ್‌ಸಿವಿ ನರದ್ದು, ಇಎಂಜಿ ಸ್ನಾಯುವಿನದು. ಎನ್‌ಸಿವಿಯಲ್ಲಿ ಸಾಮಾನ್ಯವಾಗಿ ಸೂಜಿಯೇ ಇಲ್ಲ. ಚರ್ಮದ ಮೇಲೆ ಸ್ಟಿಕ್ಕರ್ ಥರದ ಎಲೆಕ್ಟ್ರೋಡ್ ಅಂಟಿಸುತ್ತೇವೆ. ನರ ಹಾದುಹೋಗುವ ಜಾಗದಲ್ಲಿ ಚಿಕ್ಕದಾಗಿ ಕರೆಂಟು ಕೊಡುತ್ತೇವೆ. ಬೆರಳು ತಾನಾಗಿ ಕುಣಿಯುತ್ತದೆ. ಕರೆಂಟು ಕೊಟ್ಟಾಗಿನಿಂದ ಬೆರಳು ಕುಣಿಯುವ ತನಕ ಎಷ್ಟು ಹೊತ್ತಾಯಿತು, ಎಷ್ಟು ಜೋರಾಗಿ ಕುಣಿಯಿತು ಅಂತ ಮೆಷಿನ್ ಅಳೆಯುತ್ತದೆ. ಒಂದೊಂದು ಶಾಕ್ ಇರುವುದು ಸೆಕೆಂಡನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು ಮಾತ್ರ. ಮೊಣಕೈ ಗೋಡೆಗೆ ತಗುಲಿದಾಗ ಜುಂ ಅನ್ನುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಇಎಂಜಿಯಲ್ಲಿ ಸೂಜಿ ಇದೆ. ಇಂಜೆಕ್ಷನ್ ಸೂಜಿಗಿಂತ ತೆಳು. ಅದನ್ನು ಹಾಕುವುದು ಡಾಕ್ಟ್ರು, ನಾವಲ್ಲ. ಹಾಕುವುದು ಸ್ನಾಯುವಿಗೆ, ನರಕ್ಕಲ್ಲ. ಅದರಿಂದ ಕರೆಂಟೂ ಹೋಗುವುದಿಲ್ಲ, ಔಷಧಿಯೂ ಹೋಗುವುದಿಲ್ಲ. ಅದು ಮೈಕ್ ಇದ್ದ ಹಾಗೆ. ಸ್ನಾಯು ಒಳಗೆ ಏನು ಸದ್ದು ಮಾಡುತ್ತಿದೆ ಅಂತ ಕೇಳುವುದಷ್ಟೇ ಅದರ ಕೆಲಸ. ಸುಮ್ಮನಿರುವ ಸ್ನಾಯು ಸದ್ದು ಮಾಡಬಾರದು. ನರದ ಸಂಪರ್ಕ ತಪ್ಪಿದ ಸ್ನಾಯು ಸುಮ್ನೆ ಇದ್ದಾಗಲೂ ತಗಡಿನ ಮೇಲೆ ಮಳೆಹನಿ ಬಿದ್ದ ಹಾಗೆ ಟಪಟಪ ಅನ್ನುತ್ತದೆ. ಮಯೋಟೋನಿಯಾ, ಅಂದರೆ ಬಿಗಿದ ಸ್ನಾಯು ಬೇಗ ಸಡಿಲವಾಗದ ತೊಂದರೆ ಇದ್ದರೆ ಬೈಕಿನ ಆಕ್ಸಿಲರೇಟರ್ ತಿರುಗಿಸಿ ಬಿಟ್ಟ ಹಾಗೆ ಸದ್ದು ಏರಿ ಇಳಿಯುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಮರೆಯಲು ಆಗುವುದಿಲ್ಲ.

ನೋವು ಇಲ್ಲ ಅಂತ ಹೇಳುವುದಿಲ್ಲ. ಇದೆ. ಮಗಳಿಗೂ "ನೋವಾಗಲ್ಲ ಪುಟ್ಟಿ" ಅಂತ ಹೇಳಿ ಕರೆತರಬೇಡಿ. ಮೊದಲ ಶಾಕಿಗೇ ಆ ಮಾತು ಸುಳ್ಳು ಅಂತ ಗೊತ್ತಾಗುತ್ತದೆ. ಆಮೇಲೆ ನಾವು ಹೇಳುವ ಯಾವುದನ್ನೂ ನಂಬುವುದಿಲ್ಲ.

ಬರುವ ದಿನ ಕೈಕಾಲಿಗೆ ಎಣ್ಣೆ, ಕ್ರೀಮು ಹಚ್ಚಬೇಡಿ. ಎಲೆಕ್ಟ್ರೋಡ್ ಅಂಟುವುದಿಲ್ಲ. ಬಳೆ, ಕಾಲ್ಗೆಜ್ಜೆ ಬಿಚ್ಚಿಡಿ. ಸ್ವೆಟರ್, ಕಾಲುಚೀಲ ಹಾಕಿಸಿ ಬೆಚ್ಚಗೆ ಕರೆತನ್ನಿ. ಇದು ಪ್ರೀತಿಗಷ್ಟೇ ಹೇಳುತ್ತಿರುವುದಲ್ಲ. ಕೈಕಾಲು ತಣ್ಣಗಿದ್ದರೆ ನರ ನಿಧಾನ ಆಗುತ್ತದೆ. ಒಂದು ಡಿಗ್ರಿ ಇಳಿದರೆ ಸೆಕೆಂಡಿಗೆ ಸುಮಾರು 2 ಮೀಟರ್ ವೇಗ ಕಡಿಮೆ ತೋರಿಸುತ್ತದೆ. ಎಸಿ ರೂಮಿನಲ್ಲಿ ಅರ್ಧ ಗಂಟೆ ಕಾದ ಮಗುವಿಗೆ ಇಲ್ಲದ ಕಾಯಿಲೆ ಇದೆ ಅಂತ ರಿಪೋರ್ಟು ಬಂದುಬಿಡಬಹುದು. ನಾನು ಬಿಸಿನೀರಿನ ಬ್ಯಾಗ್ ಇಟ್ಟುಕೊಂಡೇ ಇರುತ್ತೇನೆ.

ರಕ್ತ ಹೆಪ್ಪುಗಟ್ಟದ ತೊಂದರೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಮೊದಲೇ ಹೇಳಿ.

ಇಬ್ಬರು ಗಂಡುಮಕ್ಕಳ ಅಪ್ಪ, ದಾವಣಗೆರೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ದೊಡ್ಡ ಮಗನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ. ಐದು ವರ್ಷದವನಿದ್ದಾಗ ಬೀಳಲು ಶುರು ಮಾಡಿದ. ಮೀನಖಂಡ ದಪ್ಪ ಇತ್ತು. ಪೈಲ್ವಾನನ ಕಾಲು ಅಂತ ಎಲ್ಲರೂ ಖುಷಿಪಡುತ್ತಿದ್ದೆವು. ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂತು. ಲಿವರ್ ತೊಂದರೆ ಅಂತ ಆರು ತಿಂಗಳು ಸುತ್ತಿದೆವು. ಆಮೇಲೆ ಇನ್ನೊಬ್ಬರು ಇಎಂಜಿ ಮಾಡಿಸಿದರು. ನಾಲ್ಕು ಕಡೆ ಸೂಜಿ. ನಾನೇ ಅವನ ಎರಡೂ ಕೈ ಹಿಡಿದುಕೊಂಡಿದ್ದೆ. ರಿಪೋರ್ಟಿನಲ್ಲಿ "ಸ್ನಾಯುವಿನ ಕಾಯಿಲೆ" ಅಂತ ಒಂದು ಸಾಲು. ಯಾವ ಕಾಯಿಲೆ ಅಂತ ಇಲ್ಲ. ಬೇರೆ ಆಸ್ಪತ್ರೆಯಲ್ಲಿ ಅದೇ ಇಎಂಜಿ ಇನ್ನೊಂದು ಸಲ.

ಕೊನೆಗೆ ಒಬ್ಬರು ಸಿಪಿಕೆ ಅಂತ ಒಂದು ಸಾದಾ ರಕ್ತಪರೀಕ್ಷೆ ಬರೆದರು. ಸ್ನಾಯು ಹಾಳಾಗುತ್ತಿದ್ದರೆ ಅದು ಏರುತ್ತದಂತೆ. ಇನ್ನೂರರ ಒಳಗೆ ಇರಬೇಕಾದದ್ದು ಹದಿನಾರು ಸಾವಿರ ಇತ್ತು. ಅಲ್ಲಿಂದ ನೇರವಾಗಿ ಜೀನ್ ಟೆಸ್ಟ್. ಉತ್ತರ ಸಿಕ್ಕಿತು. ಆ ಎಂಟು ಸೂಜಿ ನನ್ನ ಮಗನಿಗೆ ಏನು ಕೊಟ್ಟವು? ಅದಕ್ಕೇ ಕೇಳುತ್ತಿದ್ದೇನೆ ಅಕ್ಕ, ನಿಮ್ಮ ಮಗಳಿಗೆ ಸಿಪಿಕೆ ಮಾಡಿಸಿದ್ದಾರಾ? ಮಾಡಿಸದಿದ್ದರೆ ಮೊದಲು ಅದು ಕೇಳಿ.

ಮಕ್ಕಳ ನರರೋಗ ವೈದ್ಯೆ, ಬೆಂಗಳೂರು

ದಾವಣಗೆರೆಯ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಗಂಡುಮಗು, ದಪ್ಪ ಮೀನಖಂಡ, ತೊಡೆಗೆ ಕೈಯೂರಿ ಏಳುವುದು, ಇಷ್ಟು ಕಂಡರೆ ಮೊದಲು ಮಾಡಿಸಬೇಕಾದದ್ದು ಸಿಪಿಕೆ. ಡುಶೇನ್‌ನಲ್ಲಿ ಅದು ಹತ್ತು ಪಟ್ಟು, ನೂರು ಪಟ್ಟು ಏರಿರುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇರುತ್ತವೆ. ಹಾಗಾಗಿ ಲಿವರ್ ಅಂತ ದಾರಿ ತಪ್ಪುವುದು ಬಹಳ ಮಕ್ಕಳಿಗೆ ಆಗಿದೆ. ಡುಶೇನ್ ಜೀನ್‌ನಲ್ಲಿ 79 ಎಕ್ಸಾನ್, ಅಂದರೆ ತುಣುಕುಗಳು ಇವೆ. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಒಂದೋ ಹಲವೋ ಎಕ್ಸಾನ್ ಬಿಟ್ಟುಹೋಗಿರುತ್ತವೆ. ಎಂಎಲ್‌ಪಿಎ ಅನ್ನುವ ರಕ್ತಪರೀಕ್ಷೆಯಲ್ಲೇ ಅದು ಸಿಗುತ್ತದೆ. ಸೂಜಿ ಬೇಕಾಗುವುದು ತೀರಾ ಅಪರೂಪ.

ಎಸ್‌ಎಂಎ, ಅಂದರೆ ಬೆನ್ನುಹುರಿಯ ನರಕೋಶ ಸಾಯುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಅನುಮಾನ ಇದ್ದರೂ ಅಷ್ಟೇ. ಸುಮಾರು ಶೇಕಡಾ 95ರಷ್ಟು ಮಕ್ಕಳಲ್ಲಿ ಎಸ್‌ಎಂಎನ್1 ಜೀನ್‌ನ ಏಳನೇ ಎಕ್ಸಾನ್ ಇರುವುದಿಲ್ಲ. ಮೊದಲು ಆ ಪರೀಕ್ಷೆ. ಅಲ್ಲಿ ಒಂದೊಂದು ವಾರವೂ ಮುಖ್ಯ. ಈಗ ಅದಕ್ಕೆ ಔಷಧಿ ಇದೆ. ಮೊದಲನೆಯದಕ್ಕೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಬಾಯಿಗೆ ಕೊಡುವ ರಿಸ್ಡಿಪ್ಲಾಂ 2021ರಲ್ಲಿ ಭಾರತಕ್ಕೂ ಬಂತು.

ಹಾಗಾದರೆ ಇಎಂಜಿ ಯಾಕೆ? ಬೆನ್ನುಹುರಿಯಿಂದ ಬೆರಳಿನ ತನಕ ಒಂದು ದಾರಿ ಇದೆ ಅಂದುಕೊಳ್ಳಿ. ಬೆನ್ನುಹುರಿಯ ಜೀವಕೋಶ, ಅಲ್ಲಿಂದ ಹೊರಡುವ ನರ, ನರ ಮತ್ತು ಸ್ನಾಯು ಸೇರುವ ಜಾಗ, ಕೊನೆಗೆ ಸ್ನಾಯು. ನಾಲ್ಕರಲ್ಲಿ ಎಲ್ಲಿ ಕೆಟ್ಟರೂ ಹೊರಗೆ ಕಾಣುವುದು ಒಂದೇ: ಮಗುವಿಗೆ ಶಕ್ತಿ ಇಲ್ಲ. ಕೆಟ್ಟಿದ್ದು ಎಲ್ಲಿ ಅಂತ ಹೇಳುವುದು ಈ ಪರೀಕ್ಷೆ. ಅದು ಕಾಯಿಲೆಯ ಹೆಸರು ಹೇಳುವುದಿಲ್ಲ, ಕಾಯಿಲೆಯ ಊರು ಹೇಳುತ್ತದೆ.

ತಿಪಟೂರಿನ ಅಮ್ಮ, ಪರೀಕ್ಷೆಗೆ ಮುಂಚೆ ಸಿಪಿಕೆ ರಕ್ತ ಕೊಡಿ. ಸೂಜಿ ಹಾಕಿಸಿಕೊಂಡ ಮೇಲೆ ಕೊಟ್ಟರೆ ಅದು ಸ್ವಲ್ಪ ಏರಿ ಗೊಂದಲ ಮಾಡಬಹುದು. ನಾನು ಇಲ್ಲಿ ಕೂತು ನಿಮ್ಮ ಮಗಳಿಗೆ ಇಂಥದ್ದೇ ಅಂತ ಹೇಳಲಾರೆ, ಹೇಳಲೂಬಾರದು. ನೋಡಿದ ಡಾಕ್ಟ್ರನ್ನೇ ಕೇಳಬೇಕಾದದ್ದು ಒಂದಿದೆ: "ಈ ಪರೀಕ್ಷೆಯಿಂದ ನೀವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ?" ಚೀಟಿಯಲ್ಲಿ ಬರೀ "ಇಎಂಜಿ" ಅಂತ ಇದ್ದರೆ ಲ್ಯಾಬಿನವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗುವುದಿಲ್ಲ.

ಸಾಫ್ಟ್‌ವೇರ್ ಅಪ್ಪ, ಬೆಂಗಳೂರು

ಮೇಡಂ, ಈಗ ಇಡೀ ಎಕ್ಸೋಮ್, ಅಂದರೆ ಎಲ್ಲ ಜೀನ್‌ಗಳ ಎಕ್ಸಾನ್ ಒಟ್ಟಿಗೆ ನೋಡುವ ಟೆಸ್ಟ್ ಬಂದಿದೆಯಲ್ಲ. ಒಂದು ಸಲ ರಕ್ತ ಕೊಟ್ಟರೆ ಸಾವಿರಾರು ಜೀನ್ ನೋಡುತ್ತಾರೆ. ಮಗುವಿಗೆ ಸೂಜಿ, ಶಾಕ್ ಅಂತ ಹಿಂಸೆ ಯಾಕೆ? ನೇರವಾಗಿ ಅದನ್ನೇ ಮಾಡಿಸಬಹುದಲ್ವಾ?

ನಾನೂ ಹಾಗೇ ಮಾಡಿದೆ. ಮಗ ಒಂಬತ್ತು ವರ್ಷದವನು, ಪಾದ ಎತ್ತಿ ಎತ್ತಿ ನಡೆಯುತ್ತಾನೆ. ರಿಪೋರ್ಟ್‌ನಲ್ಲಿ ಮೂರು ಜೀನ್ ಹೆಸರು ಬಂದಿದೆ. ಮೂರಕ್ಕೂ "ವಿಯುಎಸ್" ಅಂತ ಬರೆದಿದ್ದಾರೆ. ಎರಡು ತಿಂಗಳಿಂದ ರಾತ್ರಿಯೆಲ್ಲ ಕೂತು ಆ ಮೂರೂ ಹೆಸರು ಓದುತ್ತಿದ್ದೇನೆ.

ಮಕ್ಕಳ ನರರೋಗ ವೈದ್ಯೆ, ಬೆಂಗಳೂರು

ಸರ್, ನಿಮ್ಮ ಪ್ರಶ್ನೆಗೆ ನಿಮ್ಮ ರಿಪೋರ್ಟೇ ಉತ್ತರ. ವಿಯುಎಸ್ ಅಂದರೆ ಜೀನ್‌ನಲ್ಲಿ ಒಂದು ಬದಲಾವಣೆ ಕಂಡಿದೆ, ಆದರೆ ಅದು ಕಾಯಿಲೆ ತರುವುದಾ ಸುಮ್ನೆ ಇರುವುದಾ ಅಂತ ತೀರ್ಮಾನ ಆಗಿಲ್ಲ ಅಂತ ಅರ್ಥ. ನಮ್ಮೆಲ್ಲರಲ್ಲೂ ಅಂಥವು ಇರುತ್ತವೆ. ಆ ಮೂರರಲ್ಲಿ ಒಂದು ನರದ ಜೀನ್, ಎರಡು ಸ್ನಾಯುವಿನ ಜೀನ್ ಅಂತಿಟ್ಟುಕೊಳ್ಳಿ. ಎನ್‌ಸಿವಿಯಲ್ಲಿ ನರ ನಿಧಾನ ಅಂತ ಬಂದರೆ ಎರಡನ್ನು ಬದಿಗಿಡಬಹುದು.

ಇನ್ನೊಂದು ಮಾತು. ಸಾಮಾನ್ಯ ಎಕ್ಸೋಮ್‌ಗೆ ಕೆಲವು ಕಾಯಿಲೆ ಸಿಕ್ಕುವುದೇ ಇಲ್ಲ. ಎಸ್‌ಎಂಎ ತಪ್ಪಿಹೋಗಬಹುದು, ಯಾಕೆಂದರೆ ಎಸ್‌ಎಂಎನ್1ರ ಪಕ್ಕದಲ್ಲೇ ಅದರ ಅವಳಿಯಂಥ ಇನ್ನೊಂದು ಜೀನ್ ಇದೆ. ಮಯೋಟೋನಿಕ್ ಡಿಸ್ಟ್ರೊಫಿಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಉದ್ದವಾಗಿ ಬರೆದಿರುತ್ತದೆ, ಅದೂ ತಪ್ಪುತ್ತದೆ. ಷಾರ್ಕೋ ಮೇರಿ ಟೂತ್ ಅನ್ನುವ ವಂಶದಲ್ಲಿ ಬರುವ ನರದ ಕಾಯಿಲೆಯ ಅತಿ ಸಾಮಾನ್ಯ ಬಗೆಯಲ್ಲಿ ಪಿಎಂಪಿ22 ಜೀನ್ ಒಂದು ಪ್ರತಿ ಜಾಸ್ತಿ ಇರುತ್ತದೆ. ಅದನ್ನೂ ಬೇರೆಯಾಗಿಯೇ ಹುಡುಕಬೇಕಾಗಬಹುದು. ಪಾದ ಎತ್ತಿ ನಡೆಯುವ ಮಗುವಿನಲ್ಲಿ ನನಗೆ ಮೊದಲು ನೆನಪಾಗುವುದು ಇದೇ. ಕೈಯ ನರದ ವೇಗ ದೊಡ್ಡವರಲ್ಲಿ ಸೆಕೆಂಡಿಗೆ 50 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಈ ಕಾಯಿಲೆಯಲ್ಲಿ 38ಕ್ಕಿಂತ ಕೆಳಗೆ ಇಳಿದಿರುತ್ತದೆ. ಹತ್ತು ನಿಮಿಷದ ಎನ್‌ಸಿವಿ ಸಾಕು, ಸೂಜಿಯೂ ಬೇಡ. ಒಂದು ಸಲ ಮಾಡಿಸಿ ಸರ್. ನಿದ್ದೆ ಕೆಡಿಸಿಕೊಳ್ಳಬೇಡಿ.

ಇಎಂಜಿ ಟೆಕ್ನಿಷಿಯನ್, ಮೈಸೂರು

ಮೇಡಂ ಹೇಳಿದ 50 ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಹುಟ್ಟಿದ ಮಗುವಿನಲ್ಲಿ ನರದ ವೇಗ ದೊಡ್ಡವರ ಅರ್ಧದಷ್ಟೇ ಇರುತ್ತದೆ. ನರದ ಮೇಲಿನ ಮಯಲಿನ್ ಹೊದಿಕೆ ಇನ್ನೂ ಬಲಿತಿರುವುದಿಲ್ಲ. ದೊಡ್ಡವರ ಲೆಕ್ಕಕ್ಕೆ ಬರುವುದು ಮೂರರಿಂದ ಐದು ವರ್ಷಕ್ಕೆ. ಆರು ತಿಂಗಳ ಕೂಸಿನ ರಿಪೋರ್ಟನ್ನು ದೊಡ್ಡವರ ಅಂಕಿಯ ಪಕ್ಕ ಇಟ್ಟು "ನರ ನಿಧಾನ" ಅಂತ ಬರೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಅಮ್ಮ ಲ್ಯಾಬಿನ ಬಾಗಿಲಲ್ಲೇ ಕುಸಿದು ಕೂತಿದ್ದರು. ಚಿಕ್ಕ ಮಕ್ಕಳಿದ್ದರೆ, ಮಕ್ಕಳಿಗೆ ದಿನಾ ಮಾಡುವ ಲ್ಯಾಬ್ ಹುಡುಕಿ.

ಪುಟ್ಟಿಯ ಅಮ್ಮ, ಒಂದು ವಿಷಯ ಕೇಳಬೇಕು. ಮಗಳಿಗೆ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ ಇರುತ್ತದಾ? ದಿನ ಹೋದಂತೆ ಶಕ್ತಿ ಇಳಿಯುತ್ತದಾ?

ಅಜ್ಜ, ಬೆಳಗಾವಿ

ನನ್ನದೂ ಒಂದು ಮಾತು ಇರಲಿ. ಇದು ನಿಧಾನ ಬರುವ ಕಾಯಿಲೆ ಅಲ್ಲ, ಆದರೂ ಇದೇ ಟೆಸ್ಟಿಗೆ ಸಂಬಂಧ ಇದೆ.

ಮೊಮ್ಮಗನಿಗೆ ನಾಲ್ಕು ವರ್ಷ. ಭೇದಿ ಆಗಿ ವಾರ ಆಗಿತ್ತು. ಒಂದು ದಿನ ಬೆಳಗ್ಗೆ ಕಾಲು ನೋವು ಅಂದ. ಮರುದಿನ ನಿಲ್ಲಲು ಆಗಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ನರದ ಟೆಸ್ಟ್ ಮಾಡಿದರು. ಹೆಚ್ಚುಕಡಿಮೆ ನಾರ್ಮಲ್ ಬಂತು. ನಾರ್ಮಲ್ ಅಂದಮೇಲೆ ಇಲ್ಲಿ ಯಾಕೆ, ಮನೆಗೆ ಹೋಗೋಣ ಅಂದ ನನ್ನ ಮಗ. ಅಲ್ಲಿದ್ದ ಡಾಕ್ಟ್ರು ಬಿಡಲಿಲ್ಲ. "ಇದು ನರಗಳು ಹಠಾತ್ತಾಗಿ ಸೋಲುವ ಗಿಲನ್ ಬಾರೆ ಕಾಯಿಲೆ ಇದ್ದಂತಿದೆ, ಮೊದಲ ವಾರ ಟೆಸ್ಟಿನಲ್ಲಿ ಕಾಣದೇ ಇರಬಹುದು, ಉಸಿರಾಟ ನೋಡಬೇಕು" ಅಂದರು. ಐದನೇ ದಿನಕ್ಕೆ ಕೈಯೂ ಬಿತ್ತು. ಇಮ್ಯುನೊಗ್ಲಾಬ್ಯುಲಿನ್ ಹಾಕಿದರು. ಎರಡು ವಾರ ಆದಮೇಲೆ ಮತ್ತೆ ಮಾಡಿದ ಟೆಸ್ಟಿನಲ್ಲಿ ಎಲ್ಲ ಕಂಡಿತು. ಈಗ ಹುಡುಗ ಶಾಲೆಗೆ ಹೋಗುತ್ತಾನೆ, ದೇವರ ದಯೆ.

ಆ ನಡುವೆ ಸರಕಾರದ ಆರೋಗ್ಯ ಇಲಾಖೆಯವರು ಬಂದು ಎರಡು ಸಲ ಮಲದ ಸ್ಯಾಂಪಲ್ ತೆಗೆದುಕೊಂಡು ಹೋದರು. ಪೋಲಿಯೊ ಅಂತ ಹೆದರಿ ಮನೆಯವರೆಲ್ಲ ಅತ್ತೆವು.

ಮಕ್ಕಳ ನರರೋಗ ವೈದ್ಯೆ, ಬೆಂಗಳೂರು

ಅಜ್ಜ, ಆ ಡಾಕ್ಟ್ರಿಗೆ ನನ್ನದೂ ಒಂದು ನಮಸ್ಕಾರ. ಗಿಲನ್ ಬಾರೆಯಲ್ಲಿ ಚಿಕಿತ್ಸೆ ಶುರು ಮಾಡಲು ನರದ ಟೆಸ್ಟಿಗೆ ಕಾಯಬಾರದು. 2025ರ ಶುರುವಿನಲ್ಲಿ ಪುಣೆಯಲ್ಲಿ ಇದೇ ಕಾಯಿಲೆ ಇನ್ನೂರಕ್ಕೂ ಹೆಚ್ಚು ಜನರಿಗೆ ಬಂದಿತ್ತು, ಕೆಟ್ಟ ನೀರಿನ ಕಡೆಗೆ ಬೊಟ್ಟು ಮಾಡಿದ್ದರು. ಭೇದಿ ಆಗಿ ಒಂದೆರಡು ವಾರಕ್ಕೆ ಮಗುವಿನ ಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಮಲದ ಸ್ಯಾಂಪಲ್‌ಗೆ ಹೆದರಬೇಡಿ. 15 ವರ್ಷದೊಳಗಿನ ಯಾವ ಮಗುವಿಗೆ ಹಠಾತ್ತಾಗಿ ಕೈಕಾಲು ಸೋತರೂ, ಕಾರಣ ಏನೇ ಇರಲಿ, ಒಂದು ದಿನದ ಅಂತರದಲ್ಲಿ ಎರಡು ಸ್ಯಾಂಪಲ್ ತೆಗೆಯುವುದು ನಿಯಮ. ನಮ್ಮ ದೇಶದ ಕೊನೆಯ ಕಾಡು ಪೋಲಿಯೊ (ಲಸಿಕೆಯ ವೈರಸ್ಸಿನಿಂದಲ್ಲದ ಪೋಲಿಯೊ) ಕೇಸ್ 2011ರ ಜನವರಿಯಲ್ಲಿ ಹೌರಾದಲ್ಲಿ ಆಗಿದ್ದು. ಅದು ಮತ್ತೆ ಬಂದರೆ ಗೊತ್ತಾಗಲಿ ಅಂತ ಈಗಲೂ ಹುಡುಕುತ್ತಲೇ ಇದ್ದಾರೆ.

ಪುಟ್ಟಿಯ ಅಮ್ಮ, ತಿಪಟೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಪಿಕೆ ಮಾಡಿಸಿದೆ. 96 ಇದೆ. ನಾರ್ಮಲ್ ಅಂದರು.

ಮೈಸೂರಿನ ಅಣ್ಣ ಕೇಳಿದ್ದನ್ನು ಓದಿ ಎರಡು ದಿನ ಯೋಚಿಸಿದೆ. ಹೌದು, ಬೆಳಗ್ಗೆ ಚೆನ್ನಾಗಿರುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಗೋಡೆಗೆ ಒರಗಿ ಕೂತುಬಿಡುತ್ತಾಳೆ. ರೊಟ್ಟಿ ಅಗಿಯಲು ಬೇಜಾರು, ಅನ್ನವೇ ಬೇಕು ಅಂತಾಳೆ. ನಾವು ಅದನ್ನು ಹಟ ಅಂದುಕೊಂಡಿದ್ದೆವು. ಆಮೇಲೆ ಫೋನಿನಲ್ಲಿದ್ದ ಫೋಟೋ ಎಲ್ಲ ತೆಗೆದು ನೋಡಿದೆ. ಬೆಳಗ್ಗೆ ಶಾಲೆಗೆ ಹೊರಟಾಗಿನ ಫೋಟೋದಲ್ಲಿ ಕಣ್ಣು ಪೂರ್ತಿ ತೆರೆದಿದೆ. ಕಳೆದ ದೀಪಾವಳಿಯ ರಾತ್ರಿ ಸುರುಸುರುಬತ್ತಿ ಹಿಡಿದ ಫೋಟೋದಲ್ಲಿ ರೆಪ್ಪೆ ಅರ್ಧ ಇಳಿದಿದೆ. ಎರಡೂ ಕಣ್ಣು. ಮದುವೆಮನೆಯ ರಾತ್ರಿ ಫೋಟೋದಲ್ಲೂ ಹಾಗೇ. ನಿದ್ದೆ ಬಂದಿದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ದಿನಾ ಎದುರಿಗೇ ಇರುವ ಮುಖ, ನನಗೇ ಕಂಡಿಲ್ಲ.

ಇಎಂಜಿ ಟೆಕ್ನಿಷಿಯನ್, ಮೈಸೂರು

ತಂಗಿ, ಆ ಫೋಟೋಗಳನ್ನು ತಾರೀಕಿನ ಸಮೇತ ಡಾಕ್ಟ್ರಿಗೆ ತೋರಿಸಿ. ನಾಳೆಯೇ ಹೋಗಿ.

ಮತ್ತೆ ಇದನ್ನು ಬರೆದಿಟ್ಟುಕೊಳ್ಳಿ: ಆರ್‌ಎನ್‌ಎಸ್. ನರಕ್ಕೆ ಸೆಕೆಂಡಿಗೆ 3 ಸಲದಂತೆ ಸಾಲಾಗಿ ಹತ್ತು ಶಾಕ್ ಕೊಟ್ಟು ನೋಡುವ ಪರೀಕ್ಷೆ. ಒಳ್ಳೆಯ ಸ್ನಾಯು ಹತ್ತಕ್ಕೆ ಹತ್ತೂ ಸಲ ಒಂದೇ ಜೋರಿನಲ್ಲಿ ಓಗೊಡುತ್ತದೆ. ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ತೊಂದರೆ ಇದ್ದರೆ ನಾಲ್ಕನೇ, ಐದನೇ ಸಲಕ್ಕೆ ಜೋರು ಇಳಿಯುತ್ತದೆ. ಶೇಕಡಾ 10ಕ್ಕಿಂತ ಜಾಸ್ತಿ ಇಳಿದರೆ ಅನುಮಾನ ಗಟ್ಟಿ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, "ಇಎಂಜಿ, ಎನ್‌ಸಿವಿ" ಅಂತಷ್ಟೇ ಬರೆದ ಚೀಟಿ ತಂದರೆ ಎಷ್ಟೋ ಕಡೆ ಇದನ್ನು ಮಾಡುವುದೇ ಇಲ್ಲ. ಇಂಥ ಮಕ್ಕಳಲ್ಲಿ ಎನ್‌ಸಿವಿ ನಾರ್ಮಲ್ ಬರುತ್ತದೆ. ಸೂಜಿಯಲ್ಲೂ ಹೆಚ್ಚೇನೂ ಸಿಗದೇ ಇರಬಹುದು. "ಎಲ್ಲ ಸರಿ ಇದೆ" ಅಂತ ರಿಪೋರ್ಟು ತಗೊಂಡು ಮಗುವನ್ನು ಮತ್ತೆ ಬೈಯಲು ಮನೆಗೆ ಹೋಗುತ್ತಾರೆ. ಕೈಯಲ್ಲಿ ಮಾಡಿ ಬಿಟ್ಟರೂ ಸಾಲದು. ಸೋತಿರುವುದು ತೊಡೆ, ಭುಜ. ಭುಜದ ಸ್ನಾಯುವಿನಲ್ಲಿ ನೋಡಿ ಅಂತ ಕೇಳಿ.

ಕನ್ನಡತಿ ನರ್ಸ್, ಲಂಡನ್

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆರ್‌ಎನ್‌ಎಸ್ ನಾರ್ಮಲ್ ಬಂದರೂ ಅನುಮಾನ ಉಳಿದರೆ ಇನ್ನೂ ಸೂಕ್ಷ್ಮವಾದ ಒಂದು ವಿಧಾನ ಇದೆ. ಕಣ್ಣಿನ ಪಕ್ಕದ ಸ್ನಾಯುವಿಗೆ ತೆಳುವಾದ ಸೂಜಿ ಇಟ್ಟು, ಮುಖದ ನರಕ್ಕೆ ಚಿಕ್ಕ ಕರೆಂಟು ಕೊಟ್ಟು, ಸ್ನಾಯುವಿನ ಒಂದೊಂದು ಎಳೆ ಎಷ್ಟು ಹೊತ್ತಿಗೆ ಓಗೊಡುತ್ತದೆ ಅಂತ ನೋಡುತ್ತಾರೆ. ಆ ಹೊತ್ತು ಹಿಂದೆಮುಂದೆ ಆಗುತ್ತಿದ್ದರೆ ನರ ಮತ್ತು ಸ್ನಾಯು ಸೇರುವ ಕೊಂಡಿಯಲ್ಲಿ ತೊಂದರೆ ಅಂತ ಲೆಕ್ಕ. ಇಲ್ಲಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ಮ್ಯಾಥ್ಯೂ ಪಿಟ್ ಇದನ್ನು ಎಳೆಯ ಮಕ್ಕಳಲ್ಲೂ ಮಾಡಬಹುದು ಅಂತ ತೋರಿಸಿಕೊಟ್ಟರು. ಮಗು ಹೇಳಿದಂತೆ ಕೇಳಲೇಬೇಕು ಅಂತಿಲ್ಲ, ಅದೇ ಇದರ ಅನುಕೂಲ.

ಮತ್ತೊಂದು ಚಿಕ್ಕ ವಿಷಯ, ಆದರೆ ನನಗೆ ಬಹಳ ಮುಖ್ಯ. ಇಲ್ಲಿ ಮಕ್ಕಳ ವಾರ್ಡಿನಲ್ಲಿ ಆಟ ಆಡಿಸುವುದನ್ನೇ ಕೆಲಸ ಮಾಡಿಕೊಂಡವರು ಇರುತ್ತಾರೆ. ಟೆಸ್ಟಿಗೆ ಮುಂಚೆ ಒಂದು ಬೊಂಬೆಗೆ ಸ್ಟಿಕ್ಕರ್ ಅಂಟಿಸಿ, ಹೀಗೆ ಹೀಗೆ ಮಾಡುತ್ತಾರೆ ಅಂತ ತೋರಿಸುತ್ತಾರೆ. ನೀವೂ ಮನೆಯಲ್ಲಿ ಮಾಡಿ ಅಕ್ಕ. ಬೊಂಬೆಯ ಭುಜಕ್ಕೆ ಬಿಂದಿ ಅಂಟಿಸಿ "ಟಿಕ್ ಟಿಕ್ ಟಿಕ್" ಅಂತ ಹತ್ತು ಎಣಿಸಿ. ಪುಟ್ಟಿಯೇ ಡಾಕ್ಟ್ರಾಗಲಿ.

ಮಕ್ಕಳ ನರರೋಗ ವೈದ್ಯೆ, ಬೆಂಗಳೂರು

ಹೌದು, ಫೋಟೋ ನೋಡಿದ ಮೇಲೆ ಆ ಪರೀಕ್ಷೆ ಕೇಳುವುದು ಸರಿ. ಆದರೆ ಒಂದು ಎಚ್ಚರಿಕೆ. ಈ ಕೊಂಡಿಯ ಕಾಯಿಲೆಗಳಲ್ಲಿ ಎರಡು ಗುಂಪು. ಒಂದರಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ಕೊಂಡಿಯ ಮೇಲೆ ಬೀಳುತ್ತದೆ, ಮಯಸ್ತೇನಿಯಾ ಅಂತಾರೆ. ಇನ್ನೊಂದು ಹುಟ್ಟಿನಿಂದ, ಜೀನ್‌ನಿಂದ ಬರುವುದು. ಪಿರಿಡೊಸ್ಟಿಗ್ಮಿನ್ ಮಾತ್ರೆ ಮೊದಲ ಗುಂಪಿಗೆ ಒಳ್ಳೆಯದು, ಎರಡನೆಯದರಲ್ಲೂ ಹಲವರಿಗೆ ಒಳ್ಳೆಯದು. ಆದರೆ ಡಾಕ್7, ಕೋಲ್‌ಕ್ಯೂ ಅನ್ನುವ ಜೀನ್‌ಗಳ ತೊಂದರೆಯಲ್ಲಿ ಅದೇ ಮಾತ್ರೆ ಮಗುವನ್ನು ಇನ್ನಷ್ಟು ಸೋಲಿಸುತ್ತದೆ. ಯಾರೋ ಹೇಳಿದರು ಅಂತ ಅಂಗಡಿಯಿಂದ ತಂದು ಕೊಡಬೇಡಿ.

ಹತ್ತಿರದಲ್ಲಿ ಆರ್‌ಎನ್‌ಎಸ್ ಮಾಡದಿದ್ದರೆ ಬೆಂಗಳೂರಿಗೆ ಬನ್ನಿ. ನಿಮ್ಹಾನ್ಸ್‌ನಲ್ಲಿ ನರ ಮತ್ತು ಸ್ನಾಯುವಿನ ಕಾಯಿಲೆಗಳಿಗೆಂದೇ ಕ್ಲಿನಿಕ್ ಇದೆ.

ಪುಟ್ಟಿಯ ಅಮ್ಮ, ತಿಪಟೂರು

ನಿನ್ನೆ ಟೆಸ್ಟ್ ಆಯಿತು. ಬರೆಯುವಾಗಲೂ ಕೈ ನಡುಗುತ್ತಿದೆ, ಆದರೆ ಭಯಕ್ಕಲ್ಲ.

ಬೆಳಗಿನ ರೈಲಿಗೆ ಹೋದೆವು. ಪುಟ್ಟಿ ಬೊಂಬೆ ತಂದಿದ್ದಳು. ಬೊಂಬೆಯ ಮೈತುಂಬ ಬಿಂದಿ. ಟೆಸ್ಟ್ ಮಾಡುವವರು ಅದನ್ನು ನೋಡಿ "ಇದಕ್ಕೆ ಆಗಲೇ ಆಗಿದೆ, ಈಗ ನಿನಗೆ" ಅಂದರು. ಕಾಲು ತಣ್ಣಗಿತ್ತು, ಬಿಸಿ ಬ್ಯಾಗ್ ಇಟ್ಟು ಹತ್ತು ನಿಮಿಷ ಕಾಯಿಸಿದರು. ಮೊದಲು ಕೈಕಾಲಿನ ನರ. ಅಳಲಿಲ್ಲ, ನನ್ನ ಬೆರಳು ಹಿಡಿದುಕೊಂಡಿದ್ದಳು. ಎಲ್ಲ ನಾರ್ಮಲ್. ಆಮೇಲೆ ಮೊಣಕಾಲ ಕೆಳಗೆ ಮುಂದುಗಡೆ ಒಂದು ಸೂಜಿ. ಆಗ ಅತ್ತಳು. ಡಾಕ್ಟ್ರು ಅಂಗಾಲಿಗೆ ಕಚಗುಳಿ ಇಟ್ಟರು. ಪಾದ ಎಳೆದುಕೊಂಡಳು, ಮೆಷಿನ್ ಗರಗರ ಅಂತು. ಅಳುತ್ತಲೇ ನಕ್ಕಳು. ಅದರಲ್ಲೂ ಹೆಚ್ಚೇನೂ ಇಲ್ಲ ಅಂದರು. ಕೈಬೆರಳಿನಲ್ಲಿ ಹತ್ತು ಶಾಕ್ ಕೊಟ್ಟರು. ಹತ್ತೂ ಗೆರೆ ಒಂದೇ ಎತ್ತರ.

ನಾನು ಕೇಳಿದೆ, "ಸರ್, ಭುಜದಲ್ಲಿ ಒಂದು ಸಲ ನೋಡುತ್ತೀರಾ?" ಅಂತ. ಅವರು ನನ್ನ ಮುಖ ನೋಡಿ, ಫೋಟೋ ಕೇಳಿದರು. ನೋಡಿದರು. ಕುತ್ತಿಗೆಯ ಪಕ್ಕ ಇಟ್ಟು ಮತ್ತೆ ಹತ್ತು ಶಾಕ್. ಸ್ಕ್ರೀನು ನನಗೂ ಕಾಣುತ್ತಿತ್ತು. ಮೊದಲ ಗೆರೆ ಎತ್ತರ. ಎರಡನೆಯದು ಸ್ವಲ್ಪ ಕುಳ್ಳ. ಮೂರು, ನಾಲ್ಕು ಇನ್ನೂ ಕುಳ್ಳ. ಮೆಟ್ಟಿಲು ಇಳಿದ ಹಾಗೆ. ಮೂರು ಸಲ ಮಾಡಿ ನೋಡಿದರು, ಮೂರು ಸಲವೂ ಹಾಗೇ. ಶೇಕಡಾ 27 ಇಳಿದಿದೆ ಅಂತ ಬರೆದಿದ್ದಾರೆ. ನನ್ನ ಮಗಳು ಸೋಮಾರಿ ಅಲ್ಲ ಅಂತ ಆ ಸ್ಕ್ರೀನಿನಲ್ಲಿ ಕಣ್ಣಾರೆ ಕಂಡೆ.

ರಕ್ತ ತೆಗೆದಿದ್ದಾರೆ. ಜೀನ್ ಟೆಸ್ಟಿಗೂ ಕಳಿಸಿದ್ದಾರೆ. ಅಲ್ಲಿಯ ತನಕ ಮಾತ್ರೆ ಬೇಡ ಅಂದರು. ಮದುವೆ ಸಂಬಂಧದಲ್ಲಾ ಅಂತ ಕೇಳಿದರು. ಹೌದು, ನಾನು ಸೋದರಮಾವನನ್ನೇ ಮದುವೆಯಾಗಿದ್ದು. ನಮ್ಮಜ್ಜಿಯೇ ನನಗೆ ಅತ್ತೆ. ಆಗಿನಿಂದ ಅಜ್ಜಿ ಮಾತೇ ಆಡುತ್ತಿಲ್ಲ.

ಇಬ್ಬರು ಗಂಡುಮಕ್ಕಳ ಅಪ್ಪ, ದಾವಣಗೆರೆ

ಅಕ್ಕ, ಓದಿ ಕಣ್ಣು ತುಂಬಿತು. ನಾನು ಮೊದಲು ಬರೆದದ್ದನ್ನು ನೋಡಿ ನೀವು ಟೆಸ್ಟ್ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಬಂತು. ನನ್ನ ಮಗನಿಗೆ ಬೇಡವಾಗಿದ್ದ ಟೆಸ್ಟ್ ನಿಮ್ಮ ಮಗಳಿಗೆ ಬೇಕಿತ್ತು.

ಅಜ್ಜಿಗೆ ಹೇಳಿ, ಇದು ಯಾರ ತಪ್ಪೂ ಅಲ್ಲ. ನನ್ನ ಹೆಂಡತಿ ಎರಡು ವರ್ಷ ತನ್ನನ್ನೇ ಬೈದುಕೊಂಡಳು. ನಮ್ಮದು ಸಂಬಂಧದ ಮದುವೆಯೂ ಅಲ್ಲ.

ಪುಟ್ಟಿಯ ಅಮ್ಮ, ತಿಪಟೂರು

ಬಹಳ ದಿನ ಆಯಿತು. ಕ್ಷಮಿಸಿ. ರಿಪೋರ್ಟಿಗೆ ಎರಡು ತಿಂಗಳ ಮೇಲೆ ಹಿಡಿಯಿತು. ಡಾಕ್7. ನನ್ನಿಂದ ಒಂದು, ಅವರಿಂದ ಒಂದು, ಒಂದೇ ಬದಲಾವಣೆ. ನಮ್ಮಿಬ್ಬರಿಗೂ ಕಾಯಿಲೆ ಇಲ್ಲ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಬರುವ ಸಾಧ್ಯತೆ ಅಂದರು. ಚಿಕ್ಕವನಿಗೆ ಎರಡು ವರ್ಷ, ಅವನ ರಕ್ತವನ್ನೂ ಕೊಟ್ಟಿದ್ದೇವೆ.

ಕೊಟ್ಟಿರುವ ಔಷಧಿ ಸಾಲ್ಬ್ಯುಟಮಾಲ್. ಅಸ್ತಮಾಗೆ ಕೊಡುತ್ತಾರಲ್ಲ, ಅದೇ. ನಮ್ಮೂರಿನ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಶುರು ಮಾಡುವ ಮುಂಚೆ ಇಸಿಜಿ ಮಾಡಿದರು. ಗುಣ ಕಾಣಲು ತಿಂಗಳುಗಳೇ ಬೇಕು, ಆತುರ ಬೇಡ ಅಂದಿದ್ದಾರೆ. ಈಗ ಹತ್ತು ವಾರ. ಮೆಟ್ಟಿಲಿಗೆ ಕಂಬಿ ಇನ್ನೂ ಬೇಕು. ರೊಟ್ಟಿ ತಿನ್ನುತ್ತಾಳೆ. ಶಾಲೆಯ ಬ್ಯಾಗು ಅರ್ಧ ದಾರಿ ಅವಳೇ ಹೊರುತ್ತಾಳೆ, ದೇವಸ್ಥಾನದ ಹತ್ತಿರ ಬಂದಮೇಲೆ ನನಗೆ ಕೊಡುತ್ತಾಳೆ. ಅಜ್ಜಿ ದಿನಾ ಸಂಜೆ ಅವಳ ಕಣ್ಣಿನ ಫೋಟೋ ತೆಗೆಸುತ್ತಾರೆ.

ಸಾಫ್ಟ್‌ವೇರ್ ಅಪ್ಪ, ಬೆಂಗಳೂರು

ತುಂಬಾ ಖುಷಿಯಾಯಿತು ಅಕ್ಕ. ನನ್ನ ಮಗನಿಗೂ ಎನ್‌ಸಿವಿ ಮಾಡಿಸಿದೆ. ವೇಗ 22. ಪಿಎಂಪಿ22 ಜಾಸ್ತಿ ಇದೆ ಅಂತ ಆಮೇಲಿನ ಟೆಸ್ಟಿನಲ್ಲಿ ಬಂತು. ಆ ಮೂರು ಹೆಸರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಔಷಧಿ ಇಲ್ಲ, ಆದರೆ ಪಾದಕ್ಕೆ ಸ್ಪ್ಲಿಂಟ್ ಹಾಕಿದ್ದೇವೆ, ಬೀಳುವುದು ಕಡಿಮೆಯಾಗಿದೆ. ನನ್ನ ಅಪ್ಪನ ಪಾದವೂ ಹಾಗೇ ಕಮಾನಾಗಿದೆ ಅಂತ ಈಗ ಗಮನಿಸಿದೆ.

ಹೊಸ ಸದಸ್ಯೆ, ಕೊಪ್ಪಳ

ನಮಸ್ಕಾರ, ಇವತ್ತೇ ಸೇರಿದೆ. ಮೇಲಿನದೆಲ್ಲ ಓದಿದೆ. ನನ್ನ ಮಗನಿಗೆ ಹನ್ನೊಂದು ತಿಂಗಳು, ನಾಳೆ ಬೆಳಗ್ಗೆ ಟೆಸ್ಟ್. ಓದುವ ಮುಂಚೆಯೇ ಇವತ್ತು ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿಬಿಟ್ಟಿದ್ದೇನೆ. ಟೆಸ್ಟ್ ಮುಂದೂಡಬೇಕಾ?

ಇಎಂಜಿ ಟೆಕ್ನಿಷಿಯನ್, ಮೈಸೂರು

ಬೇಡ ತಂಗಿ. ನಾಳೆ ಹೊರಡುವ ಮುಂಚೆ ಬಿಸಿನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿಸಿ, ಸಾಕು. ಹಾಲು ಕುಡಿಸಬಹುದಾ ಅಂತ ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿ. ನಿದ್ದೆಯ ಸಿರಪ್ ಕೊಡುವ ಹಾಗಿದ್ದರೆ ಅವರೇ ಹೊತ್ತು ಹೇಳುತ್ತಾರೆ. ಕೊಡುವುದಿಲ್ಲ ಅಂದರೆ ಹೊಟ್ಟೆ ತುಂಬಿಸಿಯೇ ಕರೆತನ್ನಿ. ಮತ್ತೆ ಅವನ ಕಾಲುಚೀಲ ಮರೆಯಬೇಡಿ.